ಕರ್ಣಧಾರ

ನಮ್ಮ ತೀರ್ಥರೂಪರ ಶ್ರಾದ್ಧವನ್ನು ತಿರುಮಕೂಡಲಿನ ಸಂಗಮದಲ್ಲಿ ನಡೆಸುವುದು ನಮ್ಮ ಮನೆಯಲ್ಲಿ ಬಹುಕಾಲದಿಂದ ಬಂದಿರುವ ಪದ್ಧತಿ. ಮೈಸೂರಿನಿಂದ ನರಸೀಪುರಕ್ಕೆ ನೇರವಾದ ರಸ್ತೆಯುಂಟು. ಆದರೂ ಮೊದಲು ನಂಜನಗೂಡಿಗೆ ಹೋಗಿ, ಶ್ರೀಕಂಠೇಶ್ವರನ ದರ್ಶನ ಮಾಡಿ, ಅಲ್ಲಿಂದ ಕಪಿಲೆಯ ಹರಿವನ್ನು ಅನುಸರಿಸಿ ಪೂರ್ವಾಭಿಮುಖವಾಗಿ ಹೋಗುವುದೇ ನಮಗೆ ರುಚಿ. ಅವಸರದ ದಾರಿ ಬೇರೆ, ಯಾತ್ರೆಯ ದಾರಿ ಬೇರೆ ಎಂಬುದನ್ನು ವಾಚಕರು ಬಲ್ಲರು.

ಹೋದ ವರ್ಷ ಈ ಯಾತ್ರೆಯು ಕೆಟ್ಟಿತು. ನಮ್ಮ ಚಿರಂಜೀವಿಯು ಮೋಟಾರಿನಲ್ಲಿ ಮಾರ್ಗದರ್ಶಕ ಯಂತ್ರವೊಂದನ್ನು ಇರಿಸಿಕೊಂಡಿದ್ದನು. ಅಂಗೈಯಗಲದ ಗಾಜಿನ ಮೇಲೆ ನಕ್ಷೆಯನ್ನು ತೋರಿಸಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಬಾಯಿಂದಲೂ ಹೇಳುವ ಯಂತ್ರವದು. ಹೇಳುವುದೇನೋ ದಿಟ, ಆದರೆ ಅದರ ದನಿ ಜೀರುಂಡೆಯ ದನಿ. ಇಂಜಿನಿನ ಸದ್ದು, ಗಾಳಿಯ ಸದ್ದು, ಹಿಂದೆ ಕುಳಿತ ನಮ್ಮ ಅಕ್ಕನವರ ಸಂಭಾಷಣೆ, ಇವುಗಳ ನಡುವೆ ಅದು ಕೇಳಿಸದು. ಆದುದರಿಂದ ಚಿರಂಜೀವಿಯು ಅದರ ದನಿಯನ್ನು ರೇಡಿಯೋ ಅಲೆಯಾಗಿ ಕಳುಹುವ ಪುಟ್ಟ ಎಫ್.ಎಂ. ಪ್ರೇಷಕವೊಂದನ್ನು ಕೊಂಡು ತಂದಿದ್ದನು. ಮೋಟಾರಿನ ರೇಡಿಯೋವನ್ನು ಅದೇ ಸಂಖ್ಯೆಗೆ ತಿರುಗಿಸಿದರೆ, ದನಿಯು ದೊಡ್ಡ ಧ್ವನಿವರ್ಧಕಗಳಲ್ಲಿ ಹೊರಡಬೇಕು.

ಸಂಖ್ಯೆಯನ್ನು ಆರಿಸುವುದರಲ್ಲಿಯೇ ತಪ್ಪಾಯಿತು. ಮೈಸೂರು ಆಕಾಶವಾಣಿಯು 100.6 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುವುದು. ನಾವು ಆರಿಸಿದ ಸಂಖ್ಯೆಯು ಅದರ ಮಗ್ಗುಲಲ್ಲಿಯೇ ಇದ್ದಿತು. ನಂಜನಗೂಡಿನಲ್ಲಿ ತಿರುಗಬೇಕಾದ ಕಡೆ ಯಂತ್ರವು ಬಾಯಿ ತೆರೆಯಿತು. ಆದರೆ ನಮ್ಮ ಕಿವಿಗೆ ಬಿದ್ದುದು ಭಕ್ತಿಗೀತೆ. 1935 ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದು, 'ಆಕಾಶವಾಣಿ' ಎಂಬ ಸೊಗಸಾದ ಹೆಸರನ್ನು ಬಳಕೆಗೆ ತಂದರು. ಆ ವಾಣಿಯ ಮುಂದೆ ನಮ್ಮ ಯಂತ್ರದ ಕ್ಷೀಣವಾಣಿ ಎಷ್ಟರದು! ಗುಂಡ್ಲುಪೇಟೆಯ ರಸ್ತೆಯಲ್ಲಿ ಬಹುದೂರ ಹೋದ ಮೇಲೆ ದಾರಿ ತಪ್ಪಿದುದು ತಿಳಿಯಿತು.

ಹಿಂದಿರುಗುವಾಗ ಮತ್ತೆ ತಪ್ಪಬಾರದೆಂದು ಚಿರಂಜೀವಿಯು ಕ್ಷಣಕ್ಕೊಮ್ಮೆ ಗಾಜಿನ ನಕ್ಷೆಯತ್ತ ಕಣ್ಣು ಹಾಯಿಸುತ್ತಿದ್ದನು. ಅಂಥದೊಂದು ಕ್ಷಣದಲ್ಲಿ ಆಡುಗಳ ಹಿಂಡಿನೊಡನೆ ಹುಡುಗನೊಬ್ಬನು ರಸ್ತೆಗೆ ಇಳಿದನು. ಅಕ್ಕನವರು ಕೂಗಿಕೊಂಡರು. ಗಾಡಿಯು ಹುಡುಗನಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಆ ಬಾಲಕನು ನಕ್ಕು ಆಡುಗಳನ್ನು ಅಟ್ಟಿಕೊಂಡು ಹೋದನು. ನಮಗೆ ಮಾತ್ರ ಬಹಳ ಹೊತ್ತು ನಡುಕ ನಿಲ್ಲಲಿಲ್ಲ. ಸಂಗಮವನ್ನು ಸೇರುವಷ್ಟರಲ್ಲಿ ಅಪರಾಹ್ಣವು ಮೀರಿದ್ದಿತು. ಪಿತೃಕಾರ್ಯದ ಹೊತ್ತು ತಪ್ಪಿದ ದುಃಖಕ್ಕಿಂತಲೂ ಆ ಹುಡುಗನ ಮುಖವೇ ನಮ್ಮನ್ನು ವರ್ಷವೆಲ್ಲಾ ಕಾಡಿತು.

ಸಂಸ್ಕೃತದಲ್ಲಿ ದೋಣಿ ನಡೆಸುವವನಿಗೆ 'ಕರ್ಣಧಾರ' ಎಂದು ಹೆಸರು. 'ಕರ್ಣ'ವೆಂದರೆ ಕಿವಿ, ದೋಣಿಯ ಚುಕ್ಕಾಣಿಯೂ ಕರ್ಣವೇ. ಈ ಎರಡರ್ಥಗಳನ್ನು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೆವು. ಅವೆರಡನ್ನೂ ಜೊತೆಗೂಡಿಸಿ ನೋಡಿದುದು ಮಾತ್ರ ಆ ದಿನವೇ. ಚುಕ್ಕಾಣಿ ಹಿಡಿದವನಿಗೆ ದಾರಿಯು ಕಿವಿಯ ಮೂಲಕ ಬರಬೇಕು. ಕಣ್ಣು ರಸ್ತೆಗೆ ಮೀಸಲಾಗಿರಬೇಕು.

ಈ ವರ್ಷ ಹೊರಡುವ ಮೊದಲು ದನಿಯನ್ನು ಸರಿಪಡಿಸುವ ಕೆಲಸಕ್ಕೆ ನಾವೇ ಕೈಹಾಕಿದೆವು. ಮೋಟಾರಿನ ಸ್ಟೀರಿಯೊದಲ್ಲಿ 'ಆಕ್ಸ್' ಎಂಬ ಸಣ್ಣ ರಂಧ್ರವೊಂದಿದೆ. ಯಂತ್ರದಲ್ಲಿಯೂ ಅದೇ 3.5 ಮಿಲಿಮೀಟರಿನ ರಂಧ್ರವುಂಟು. ಎರಡು ತುದಿಗಳಲ್ಲಿಯೂ ಮೊಳೆಯಿರುವ ತಂತಿಯಿಂದ ಇವೆರಡನ್ನೂ ಕೂಡಿಸಿ, ಸ್ಟೀರಿಯೊವನ್ನು ಆಕ್ಸ್ ಸ್ಥಾನಕ್ಕೆ ತಿರುಗಿಸಿದರೆ ಸಾಕು. ಯಂತ್ರದ ದನಿಯನ್ನು ಮುಕ್ಕಾಲು ಪಾಲಿಗೆ ಏರಿಸಿಟ್ಟು, ಉಳಿದ ಹೆಚ್ಚು ಕಡಿಮೆಯನ್ನು ಸ್ಟೀರಿಯೊದಲ್ಲಿಯೇ ಮಾಡಿಕೊಳ್ಳಬೇಕು. ಹೊಸ ಗಾಡಿಗಳಲ್ಲಿ ಬ್ಲೂಟೂತ್ ಇರುವುದರಿಂದ ತಂತಿಯೂ ಬೇಡ. ಒಮ್ಮೆ ಜೋಡಿಸಿ ನೆನಪಿನಲ್ಲಿರಿಸಿದರೆ ಸರಿ. ಅದರಲ್ಲಿ ದನಿಯು ತುಸು ತಡವಾಗಿ ಬರುವುದುಂಟು. ಆದ್ದರಿಂದ ತಿರುವು ಹತ್ತಿರವಿದ್ದಾಗ ವೇಗವನ್ನು ತಗ್ಗಿಸುವುದು ಲೇಸು.

ತಂತಿಯನ್ನು ಕೂಡಿಸಿದೊಡನೆ ಹೊಸ ಪೀಡೆಯೊಂದು ಕಾಣಿಸಿಕೊಂಡಿತು. ಇಂಜಿನು ನಡೆದಾಗ ಧ್ವನಿವರ್ಧಕದಲ್ಲಿ ಕೊಂಯ್ ಎಂಬ ರಾಗ. ವೇಗ ಏರಿದಂತೆ ಅದರ ಶ್ರುತಿಯೂ ಏರುವುದು. ವಿಚಾರಿಸಲಾಗಿ ಕಾರಣ ತಿಳಿಯಿತು. ಯಂತ್ರವು ಗಾಡಿಯ ವಿದ್ಯುತ್ತನ್ನು ಕುಡಿಯುತ್ತಲೇ ದನಿಯನ್ನೂ ಸ್ಟೀರಿಯೊಗೆ ಕೊಡುವಾಗ, ವಿದ್ಯುತ್ತು ಹಿಂದಿರುಗಲು ಎರಡು ಹಾದಿಗಳಾಗಿ, ಅವು ಸೇರಿ ಒಂದು ಬಳೆಯಾಗುವುದು. ಇಂಜಿನಿನ ವಿದ್ಯುಜ್ಜನಕದ ಅಲುಗಾಟವು ಆ ಬಳೆಯ ಮೂಲಕ ದನಿಯೊಳಗೆ ನುಸುಳುವುದು. ವಿದ್ಯುತ್ತಿನ ತಂತಿಯನ್ನು ಕಿತ್ತೊಡನೆ ರಾಗವು ನಿಂತಿತು. ಮನೆಯಲ್ಲಿಯೇ ಯಂತ್ರದ ಹೊಟ್ಟೆ ತುಂಬಿಸಿ ಹೊರಡುವುದೇ ಸುಲಭವಾದ ಪರಿಹಾರ. ದೂರದ ಪ್ರಯಾಣವಾದರೆ, ದನಿಯ ತಂತಿಯ ನಡುವೆ ಬೆರಳುದ್ದದ 'ಐಸೊಲೇಟರ್' ಎಂಬುದನ್ನು ಇಡಬೇಕು. ಅದರೊಳಗಿನ ಸುರುಳಿಗಳು ದನಿಯನ್ನು ದಾಟಿಸಿ ಆ ಬಳೆಯನ್ನು ಕತ್ತರಿಸುವುವು.

ಊರಿನ ಹೆಸರನ್ನು ತುಂಬುವಾಗಲೂ ಎಚ್ಚರ ಬೇಕು. ಬರಿಯ 'ನರಸೀಪುರ' ಎಂದರೆ, ಹಾಸನ ಜಿಲ್ಲೆಯ ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಹೊರಡಿಸಿಬಿಟ್ಟೀತು!

ಹೀಗೆ ಸಿದ್ಧರಾಗಿ ಬೆಳಿಗ್ಗೆಯೇ ಹೊರಟೆವು. ಕಡಕೊಳವನ್ನು ದಾಟಿದ ಮೇಲೆ ಯಂತ್ರವು ಮುಂದಿನ ತಿರುವನ್ನು ಘಂಟಾಘೋಷವಾಗಿ ಸಾರಿತು. ಅದರದು ಇಂಗ್ಲಿಷ್ ನುಡಿ. ನಂಜುಂಡನ ಊರಿನ ಹೆಸರನ್ನು ಅದು ಉಚ್ಚರಿಸಿದ ರೀತಿಗೆ ಅಕ್ಕನವರು ಮನಸಾರೆ ನಕ್ಕರು. ಈಗ ಕೈಫೋನಿನ ನಕ್ಷೆಗಳು ಕನ್ನಡದಲ್ಲಿಯೂ ದಾರಿ ಹೇಳುವುವಾದ್ದರಿಂದ ಮುಂದಿನ ಸಲ ಅದನ್ನೇ ಕೂಡಿಸಬೇಕೆಂದಿದ್ದೇವೆ. ದನಿಯು ಆಕಾಶದಿಂದ ಬರುವುದೋ ಎಂದು ಅವರು ಕೇಳಿದರು. ಆಕಾಶದಿಂದ ಬರುವುದು ಕಾಲದ ಸಂಕೇತ ಮಾತ್ರ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತವಾದರೂ ಸಿಕ್ಕಿದರೆ, ಯಂತ್ರವು ತಾನಿರುವ ಸ್ಥಳವನ್ನು ಲೆಕ್ಕ ಹಾಕಿಕೊಂಡು ತಾನೇ ಮಾತನಾಡುವುದು. ನಮ್ಮ ದೇಶವೂ 2013 ರಿಂದ ಇಂಥ ಉಪಗ್ರಹಗಳನ್ನು ಹಾರಿಸಿದೆ. ಅವುಗಳ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿರುವುದು. ಆ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಿಟ್ಟವರಿಗೆ ನಮ್ಮ ನಮಸ್ಕಾರ. ನಾವಿಕನೂ ಕರ್ಣಧಾರನೂ ಒಂದೇ ಕಸುಬಿನವರಲ್ಲವೆ?

ಕಿವಿಯು ದಾರಿಯನ್ನು ನೋಡಿಕೊಂಡಿತು, ಕಣ್ಣುಗಳಿಗೆ ಬಿಡುವಾಯಿತು. 1735 ರಲ್ಲಿ ದಳವಾಯಿ ದೇವರಾಜಯ್ಯನವರು ಕಪಿಲೆಗೆ ಕಟ್ಟಿಸಿದ ಸೇತುವೆಯ ಕಲ್ಲು ಕಮಾನುಗಳನ್ನು ಕಣ್ತುಂಬ ನೋಡಿದೆವು. ಒಂದು ಕಾಲದಲ್ಲಿ ರೈಲೂ ಅದರ ಮೇಲೆಯೇ ಓಡುತ್ತಿದ್ದಿತು. ದೇವಾಲಯದಲ್ಲಿ ದರ್ಶನವಾಯಿತು, ಬೀದಿಯಲ್ಲಿ ರಸಬಾಳೆಯನ್ನು ಕೊಂಡೆವು. ತಿರುವಿನಲ್ಲಿ ಈ ಸಲ ತಪ್ಪಲಿಲ್ಲ. ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಎರಡು ಕಡೆಯಲ್ಲಿ ಸರಿದುವು. ಆಡಿನ ಹಿಂಡೊಂದು ಎದುರಾದಾಗ ಚಿರಂಜೀವಿಯು ಅದನ್ನು ದೂರದಿಂದಲೇ ಕಂಡು ಗಾಡಿಯನ್ನು ನಿಲ್ಲಿಸಿದನು. ನಾವು ಯಾರೂ ಮಾತನಾಡಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ನರಸೀಪುರವನ್ನು ಸೇರಿದೆವು. ಕೈಯಲ್ಲಿ ಗುಲಗಂಜಿಯನ್ನು ಹಿಡಿದು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಸಾರುವ ಗುಂಜಾನರಸಿಂಹನಿಗೆ ಕೈಮುಗಿದು ನದೀತೀರಕ್ಕೆ ಬಂದೆವು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರೂ ಕೂಡುವುದರಿಂದಲೇ ತಿರುಮಕೂಡಲೆಂಬ ಹೆಸರು. 1989 ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವು ನಡೆಯುವುದೂ ಇಲ್ಲಿಯೇ. ಗಮ್ಯಸ್ಥಾನವನ್ನು ತಲುಪಿರುವಿರೆಂದು ಯಂತ್ರವು ಘೋಷಿಸಿ ಸುಮ್ಮನಾಯಿತು.

ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಹರಿಗೋಲಿನ ಮುದುಕನೊಬ್ಬನು ಕೂಗಿದನು: "ಬುದ್ಧೀ, ಆ ಕಡೆ ಇಳೀಬ್ಯಾಡಿ. ಕಬಿನಿ ಕಟ್ಟೆಯಿಂದ ನೀರು ಬಿಟ್ಟವ್ರೆ, ಸೆಳೆತ ಜಾಸ್ತಿ." ಅವನು ತೋರಿಸಿದ ಕಡೆಯಲ್ಲಿ ಇಳಿದು, ಮೊಣಕಾಲುದ್ದದ ನೀರಿನಲ್ಲಿ ನಿಂತು, ಸಕಾಲದಲ್ಲಿ ತರ್ಪಣವನ್ನು ಬಿಟ್ಟೆವು. ಯಾವ ಉಪಗ್ರಹವೂ ಆ ಹೊತ್ತಿನ ಸೆಳೆತವನ್ನು ನಮಗೆ ತಿಳಿಸಿರಲಿಲ್ಲ. ಯಾತ್ರೆಗೆ ಹೊರಡುವ ಗೃಹಸ್ಥರು ಯಂತ್ರದ ದನಿಯನ್ನು ಸ್ಟೀರಿಯೊಗೆ ತಪ್ಪದೆ ಕೂಡಿಸಿಕೊಳ್ಳಲಿ. ಗಾಡಿಯಿಂದ ಇಳಿದ ಮೇಲೆ ಆ ಕಿವಿಯನ್ನೇ ದಡದವರಿಗೂ ಕೊಡಲಿ.