ಸಾಧುವಿನ ಬಾಯಿಗೆ ಬಿದ್ದವು

ಆ ನಾಯಿಗೆ ಸಾಧು ಎಂದು ಹೆಸರಿಟ್ಟವರು ಚಿಕ್ಕಪ್ಪ. ಮಂಗಳೂರಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಸುಳ್ಯದ ಕಡೆಯ ಆ ತೋಟದ ಮನೆಗೆ ಬಂದ ಲ್ಯಾಬ್ರಡಾರ್ ಮರಿ ಅದು. ಕಣ್ಣು ನೋಡಿದರೆ ಬೇರೆ ಹೆಸರು ಯಾರಿಗೂ ಹೊಳೆಯುವಂತಿರಲಿಲ್ಲ. ಬಂದ ವಾರದಲ್ಲೇ ಚಿಕ್ಕಮ್ಮನ ಹವಾಯಿ ಚಪ್ಪಲಿ ಹೋಯಿತು. ಆಮೇಲೆ ಕೆಲಸದವರ ಮುಟ್ಟಾಳೆ, ಹಟ್ಟಿಯ ಪ್ಲಾಸ್ಟಿಕ್ ಬಾಲ್ದಿಯ ಅಂಚು, ಜಗಲಿಯ ಕಂಬದ ಬುಡ, ಪಂಚಾಯತಿನಿಂದ ಬಂದ ತೆರಿಗೆ ರಸೀದಿ. ರಸೀದಿಯ ವಿಷಯದಲ್ಲಿ ಮಾತ್ರ ಚಿಕ್ಕಪ್ಪ ಅದನ್ನು ಬೈಯಲಿಲ್ಲ.

"ಹಲ್ಲು ಬರುವ ಕಾಲ, ಒಸಡು ತುರಿಸ್ತದೆ, ಆಮೇಲೆ ಸರಿ ಆಗ್ತದೆ" ಎಂದು ಎಲ್ಲರೂ ಸಮಾಧಾನ ಹೇಳಿದರು. ಮಾತು ಸುಳ್ಳಲ್ಲ. ನಾಯಿಮರಿಗೆ 28 ಹಾಲುಹಲ್ಲು ಇರುತ್ತವೆ, ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಉದುರಲು ಶುರುವಾಗಿ ಏಳು ತಿಂಗಳಾಗುವ ಹೊತ್ತಿಗೆ 42 ಗಟ್ಟಿ ಹಲ್ಲುಗಳು ಬಂದು ಕೂರುತ್ತವೆ. ಸಾಧುವಿಗೂ ಬಂದವು. ಅದರಿಂದ ಆದ ವ್ಯತ್ಯಾಸ ಇಷ್ಟೇ: ಮೊದಲು ಕಚ್ಚಿ ಬಿಡುತ್ತಿದ್ದುದನ್ನು ಈಗ ಪೂರ್ತಿ ಮುಗಿಸುತ್ತಿತ್ತು.

ಆಟಿ ತಿಂಗಳು. ಮಳೆ ಅಂದರೆ ಎದುರಿನ ಅಡಿಕೆ ಮರ ಕಾಣದಷ್ಟು ಮಳೆ. ಆ ಸಮಯದಲ್ಲಿ ತೋಟದ ಮನೆಯಲ್ಲಿ ಒಣಗಿದ ಜಾಗ ಅಂತ ಇರುವುದು ಒಂದೇ, ಬಚ್ಚಲಿನ ಹಂಡೆ ಒಲೆಯ ಮುಂದೆ. ಮೇಲಿನ ಬಿದಿರಿನ ಗಳುಗಳಲ್ಲಿ ರಬ್ಬರ್ ಶೀಟುಗಳು ಹೊಗೆಗೆ ನೇತಾಡುತ್ತಿರುತ್ತವೆ, ಕೆಳಗೆ ಕೆಂಡದಲ್ಲಿ ಹಲಸಿನ ಬೇಳೆ ಸುಡುತ್ತಿರುತ್ತದೆ. ಅಲ್ಲಿ ಕೂತು ಚಿಕ್ಕಪ್ಪ ಪಂದ್ಯ ಸಾರಿದರು. "ಈ ಪ್ರಾಣಿಗೆ ಒಂದು ರಾತ್ರಿಯಲ್ಲಿ ಹಾಳು ಮಾಡ್ಲಿಕ್ಕೆ ಆಗದ ವಸ್ತು ಯಾರು ತರ್ತೀರೋ ಅವರಿಗೆ ನನ್ನ ಕಾಟು ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ." ಭರಣಿ ಚಿಕ್ಕಮ್ಮನದು, ಹಾಕಿದ್ದೂ ಅವರೇ. ಆದರೆ ಪಂದ್ಯ ಕಟ್ಟುವಾಗ ಅಂಥದ್ದೆಲ್ಲ ಯಾರು ನೋಡುತ್ತಾರೆ!

ಮುಂದಿನ ಭಾನುವಾರ ಎಲ್ಲರೂ ಸೇರಿದರು. ಮಂಗಳೂರಿನಿಂದ ಅಳಿಯ, ಪುತ್ತೂರಿನಿಂದ ಭಾವ, ಬೆಂಗಳೂರಿನಿಂದ ಚಿಕ್ಕಪ್ಪನ ಮಗಳು, ತೋಟದ ಟ್ಯಾಪಿಂಗ್ ಮಾಡುವ ಅಣ್ಣ ಮತ್ತು ಅವರ ಮಗ. ಈ ಅಣ್ಣನ ಹಿರಿಯರು ಸಿಂಹಳದ ಚಹಾ ತೋಟಗಳಲ್ಲಿ ದುಡಿದ ತಮಿಳರು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ನಡುವೆ ಆದ ಒಪ್ಪಂದದಂತೆ ಇತ್ತ ಬಂದು, ಸುಳ್ಯದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಕಂಡವರ ಪೈಕಿ. ರಬ್ಬರಿನ ಬಗ್ಗೆ ಅವರಷ್ಟು ಗೊತ್ತಿದ್ದವರು ಆ ದಿನ ಅಲ್ಲಿ ಬೇರೆ ಇರಲಿಲ್ಲ.

ಕರೆಯದೆ ಬಂದವರು ಒಬ್ಬರೇ, ಪಶುವೈದ್ಯರು. ಹಟ್ಟಿಯಲ್ಲಿ ಒಂದು ದನಕ್ಕೆ ಕೆಚ್ಚಲು ಬಾವು ಬಂದಿತ್ತು, ನೋಡಲು ಬಂದವರು ಮಳೆ ಬಿಡದೆ ಸಿಕ್ಕಿಬಿದ್ದಿದ್ದರು. ಸ್ಕೂಟರನ್ನು ಅಂಗಳದ ಮಾಡಿನ ಕೆಳಗೆ ನಿಲ್ಲಿಸಿ, ತಲೆ ಒರೆಸಿಕೊಂಡು, ಕಾಫಿ ಲೋಟ ಹಿಡಿದು ಒಲೆಯ ಪಕ್ಕದ ಮಣೆಯಲ್ಲಿ ಕೂತರು. ಪಂದ್ಯದ ವಿಷಯ ಕೇಳಿ, "ಹಾಗಾದ್ರೆ ತೀರ್ಪುಗಾರ ನಾನೇ. ನನ್ನದೊಂದು ಶರತ್ತು ಉಂಟು. ವಸ್ತು ಮುರೀಬಾರದು, ನಾಯಿಯೂ ಮುರೀಬಾರದು" ಎಂದರು. ಎಲ್ಲರೂ ನಕ್ಕರು.

ಮೊದಲು ಅಳಿಯ ಚೀಲ ಬಿಚ್ಚಿದ. ನೈಲಾನಿನ ದೊಡ್ಡ ಎಲುಬು, ಪೊಟ್ಟಣದ ಮೇಲೆ ಮುರಿಯುವುದೇ ಇಲ್ಲ ಎಂಬ ಅರ್ಥದ ಬರಹ, ಜೊತೆಗೆ ಸ್ನಾಯು ಉಬ್ಬಿಸಿದ ನಾಯಿಯ ಚಿತ್ರ. ಡಾಕ್ಟ್ರು ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಗುರುತು ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರು. "ಇದು ಸೋತಿತು" ಎಂದು ಪಕ್ಕಕ್ಕಿಟ್ಟರು.

"ನಾಯಿ ಇನ್ನೂ ಮುಟ್ಟಿಯೇ ಇಲ್ಲ ಡಾಕ್ಟ್ರೇ!"

"ಮುಟ್ಟಿದ ಮೇಲೆ ನನ್ನ ಹತ್ರ ಬರ್ಬೇಕಾಗ್ತದೆ" ಎಂದು ಸಾಧುವನ್ನು ಹತ್ತಿರ ಎಳೆದು ಅದರ ತುಟಿ ಎತ್ತಿದರು. ಮೇಲ್ದವಡೆಯ ಪಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲೊಂದನ್ನು ತೋರಿಸಿದರು. ಪುಸ್ತಕದ ಲೆಕ್ಕದಲ್ಲಿ ಅದು ನಾಲ್ಕನೇ ಪ್ರೀಮೋಲಾರ್. ಗಟ್ಟಿ ವಸ್ತು ಸಿಕ್ಕಿದರೆ ನಾಯಿ ಅಲ್ಲಿಗೇ ತಳ್ಳಿ ಕಡಿಯುತ್ತದಂತೆ. ವಸ್ತು ಹಲ್ಲಿಗಿಂತ ಗಟ್ಟಿಯಾದರೆ ಹಲ್ಲಿನ ಹೊರಮೈ ಒಂದು ಚಕ್ಕೆಯಾಗಿ ಸೀಳಿಹೋಗುತ್ತದೆ, ಒಳಗಿನ ನರ ಬಯಲಾಗುತ್ತದೆ, ಕೀವು ಕಣ್ಣಿನ ಕೆಳಗೆ ಬಾವಾಗಿ ಬಂದ ಮೇಲೆ ಮನೆಯವರಿಗೆ ತಿಳಿಯುತ್ತದೆ. ಅಷ್ಟು ದಿನ ನಾಯಿ ಬಾಲ ಅಲ್ಲಾಡಿಸಿಕೊಂಡು ಊಟ ಮಾಡುತ್ತಲೇ ಇರುತ್ತದೆ. ಜಿಂಕೆ ಕೊಂಬು, ದನದ ಗೊರಸು, ಒಣಗಿದ ಎಲುಬು, ಎಲ್ಲದರದ್ದೂ ಇದೇ ಕಥೆ. ಉಗುರು ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು, ಅದು ಅವರ ಅಳತೆ.

ಅಳಿಯ ಸುಮ್ಮನಿರಲಿಲ್ಲ. ಚೀಲದ ತಳದಿಂದ ಹತ್ತಿಯ ಹಗ್ಗದ ಗಂಟು ಹೊರಬಂತು. ಅದು ಮೆತ್ತಗಿತ್ತು, ಉಗುರಿನ ಪರೀಕ್ಷೆಯಲ್ಲಿ ಪಾಸು. ಸಾಧು ಅದನ್ನು ಕಾಲಿನಲ್ಲಿ ಒತ್ತಿ ಹಿಡಿದು ಎಳೆ ಎಳೆಯಾಗಿ ಬಿಡಿಸತೊಡಗಿತು. ನಮಗೆ ಅದು ನೋಡಲು ಚಂದವೇ. ಡಾಕ್ಟ್ರು ಮಾತ್ರ ಕಾಫಿ ಕೆಳಗಿಟ್ಟು, ಅದರ ಬಾಯೊಳಗೆ ಎರಡು ಬೆರಳು ಹಾಕಿ ಒಂದು ಗೇಣು ದಾರ ಹೊರಗೆಳೆದರು. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಂಡು, ಉಳಿದದ್ದು ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಪೈಜಾಮದ ಸೊಂಟ ನಿರಿಗೆಗಟ್ಟುವ ಹಾಗೆ ಕರುಳು ನಿರಿಗೆಗಟ್ಟುತ್ತದೆ. ದಾರ ಅದನ್ನು ಒಳಗಿನಿಂದಲೇ ಕೊಯ್ಯುತ್ತದೆ. ಹೊಟ್ಟೆ ಕೊಯ್ದು ತೆಗೆಯದೆ ಬೇರೆ ದಾರಿ ಹೆಚ್ಚಾಗಿ ಇರುವುದಿಲ್ಲ. "ಹಿಂಬದಿಯಿಂದ ದಾರ ನೇತಾಡುವುದು ಕಂಡರೆ ಎಳೀಬೇಡಿ ಮಾರಾಯ್ರೆ, ಅದೊಂದು ನೆನಪಿಟ್ಟುಕೊಳ್ಳಿ" ಎಂದರು. ಚಿಕ್ಕಮ್ಮ ಆ ಹಗ್ಗವನ್ನು ಹಾಗೆಯೇ ಒಲೆಗೆ ಹಾಕಿದರು.

ಈಗ ಟ್ಯಾಪಿಂಗ್ ಅಣ್ಣನ ಮಗನ ಸರದಿ. ಅವನು ತಂದದ್ದು ಚೆಂಡು. ರಬ್ಬರ್ ಮರದ ಗೀರಿನಲ್ಲಿ ಹಾಲು ಒಣಗಿ ಉಳಿಯುವ ಎಳೆಗಳನ್ನು ಎಳೆದೆಳೆದು ಸುತ್ತಿ ಆ ಕಡೆಯ ಮಕ್ಕಳು ಮಾಡಿಕೊಳ್ಳುವ ಚೆಂಡು; ಅಂಗಳದಲ್ಲಿ ಕುಕ್ಕಿದರೆ ಮಾಡಿನ ಹಂಚಿಗೆ ತಾಗುವಷ್ಟು ಪುಟಿಯುತ್ತದೆ. ವಾಸನೆ ಹೇಳಲಾಗದ್ದು. ಆ ವಾಸನೆಗೇ ಇರಬೇಕು, ಸಾಧು ಅದನ್ನು ಕಂಡು ಹುಚ್ಚಾಯಿತು. ಸಂಜೆಯೊಳಗೆ ಚೆಂಡು ಅರ್ಧ ಬಿಚ್ಚಿಕೊಂಡಿತು.

"ಹಸಿ ರಬ್ಬರ್ ಅಲ್ವಾ, ನಿಲ್ಲುದಿಲ್ಲ" ಎಂದು ಅವನ ಅಪ್ಪನೇ ತೀರ್ಪು ಕೊಟ್ಟರು. ಮೇಲೆ ನೇತಾಡುತ್ತಿದ್ದ ಶೀಟುಗಳನ್ನು ತೋರಿಸಿ, ಇವೂ ಅಷ್ಟೇ, ಬಿಸಿಲಿಗೆ ಅಂಟು, ಚಳಿಗೆ ಬಿರುಸು ಎಂದರು. ಗಂಧಕ ಸೇರಿಸಿ ಬೇಯಿಸಿದ ಮೇಲೆಯೇ ರಬ್ಬರಿಗೆ ಕಸುವು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಅದನ್ನೇ: ಗಂಧಕ ರಬ್ಬರಿನ ಉದ್ದುದ್ದ ಸರಪಳಿಗಳ ನಡುವೆ ಅಲ್ಲಲ್ಲಿ ಕೊಂಡಿ ಹಾಕುತ್ತದೆ, ಆಮೇಲೆ ಎಷ್ಟು ಎಳೆದರೂ ಅವು ಒಂದರಿಂದ ಒಂದು ಜಾರಿ ಹೋಗುವುದಿಲ್ಲ. ನೈಸರ್ಗಿಕ ರಬ್ಬರಿಗೆ ಇನ್ನೂ ಒಂದು ಗುಣವಿದೆ. ಜೋರಾಗಿ ಎಳೆದಾಗ ಸರಪಳಿಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ, ಆ ಜಾಗದಲ್ಲಿ ಹರಳುಗಟ್ಟುತ್ತವೆ. ಸೀಳಿನ ತುದಿಯಲ್ಲೇ ಹೆಚ್ಚು ಎಳೆತ ಇರುವುದರಿಂದ ಗಟ್ಟಿಯಾಗುವುದೂ ಅಲ್ಲೇ, ಹಾಗಾಗಿ ಸೀಳು ಸುಲಭವಾಗಿ ಮುಂದೆ ಹರಿಯುವುದಿಲ್ಲ. ವಿಮಾನದ ಟೈರುಗಳಿಗೆ ಇವತ್ತಿಗೂ ಮರದ ರಬ್ಬರೇ ಬೇಕಾಗುವುದಕ್ಕೆ ಇದೂ ಒಂದು ಕಾರಣ. ನಾಯಿಯ ದವಡೆಯೂ ರಬ್ಬರಿನಿಂದ ಕೇಳುವುದು ಇದನ್ನೇ: ಒತ್ತಿದರೆ ತಗ್ಗಬೇಕು, ಸೀಳಲು ಹೋದರೆ ಒಪ್ಪಬಾರದು.

ಇದನ್ನೆಲ್ಲ ಕೇಳಿ ಭಾವನ ಮುಖ ಅರಳಿತು. ಅವನಿಗೆ ಪುತ್ತೂರಿನಲ್ಲಿ ಜೀಪು ರಿಪೇರಿ ಅಂಗಡಿ. ಜೇಬಿನಿಂದ ಹಳೇ ಜೀಪಿನ ಬಂಪ್ ಸ್ಟಾಪರ್ ತೆಗೆದು ನೆಲಕ್ಕೆ ಬಡಿದ. ಹೊಂಡಕ್ಕೆ ಬಿದ್ದಾಗ ಆಕ್ಸಲ್ ಹೋಗಿ ಚಾಸಿಗೆ ಹೊಡೆಯದಂತೆ ನಡುವೆ ಕೂರುವ ದಪ್ಪ ಕರಿ ರಬ್ಬರ್ ಅದು. "ಸಂಪಾಜೆ ಘಾಟಿಯ ಹೊಂಡ ತಿಂದು ಬದುಕಿದ್ದು, ಇವನ ಹಲ್ಲಿಗೆ ಹೆದರ್ತದಾ?"

ಆಗ ಬೆಂಗಳೂರಿನ ತಂಗಿ ಎದ್ದು ನಿಂತಳು. "ಭಾವ, ನೀವು ಹೇಳಿದ್ದನ್ನು ಒಬ್ಬ ಮೊದಲೇ ಮಾಡಿ ಆಗಿದೆ" ಎಂದಳು.

ಅವಳು ಹೇಳಿದ್ದು ಜೋ ಮಾರ್ಕಮ್ ಎಂಬವನ ಕಥೆ. ಅಮೆರಿಕದ ಕೊಲೊರಾಡೊದವನು, 1970ರ ದಶಕದ ಮಾತು. ಅವನ ಜರ್ಮನ್ ಶೆಫರ್ಡ್ ನಾಯಿ ಫ್ರಿಟ್ಜ್‌ಗೆ ಕಲ್ಲು ಕಡಿಯುವ ಚಟ. ಹಲ್ಲೆಲ್ಲ ಸವೆದು ಹೋಗುತ್ತಿದ್ದವು. ಎಷ್ಟು ವಸ್ತು ಕೊಟ್ಟರೂ ನಾಯಿ ಕಲ್ಲಿಗೇ ಹಿಂದಿರುಗುತ್ತಿತ್ತು. ಒಂದು ದಿನ ಮಾರ್ಕಮ್ ತನ್ನ ಫೋಕ್ಸ್‌ವ್ಯಾಗನ್ ವ್ಯಾನಿನ ಕೆಳಗೆ ಮಲಗಿ ರಿಪೇರಿ ಮಾಡುತ್ತ ಬಿಚ್ಚಿದ ಭಾಗಗಳನ್ನು ಹೊರಗೆ ಎಸೆಯುತ್ತಿದ್ದ. ಅದರಲ್ಲಿ ಸಸ್ಪೆನ್ಶನ್ನಿನ ಒಂದು ರಬ್ಬರ್ ತುಂಡು ಫ್ರಿಟ್ಜ್‌ನ ಬಾಯಿಗೆ ಬಿತ್ತು. ಅದು ಮತ್ತೆ ಕಲ್ಲು ಕೇಳಲಿಲ್ಲ. ಆ ತುಂಡಿನ ಆಕಾರವನ್ನೇ ತಿದ್ದಿ, ನಾಯಿಗೆ ಆಗುವಂಥ ರಬ್ಬರ್ ಹುಡುಕಿ, ಮಾರ್ಕಮ್ 1976ರಲ್ಲಿ ಕಂಪನಿ ಶುರು ಮಾಡಿದ. ನೋಡಿದವರೊಬ್ಬರು ಇದು ಕಿಂಗ್ ಕಾಂಗ್ ಕಿವಿಗೆ ಹಾಕುವ ಬಿರಡೆಯ ಹಾಗಿದೆ ಎಂದು ತಮಾಷೆ ಮಾಡಿದರಂತೆ. ಹೆಸರೂ ಸಿಕ್ಕಿತು: ಕಾಂಗ್.

"ಹಾಗಾದ್ರೆ ನನ್ನದೇ ಮೂಲ!" ಎಂದ ಭಾವ.

ಡಾಕ್ಟ್ರು ಬಂಪ್ ಸ್ಟಾಪರನ್ನು ಮೂಸಿ ನೋಡಿದರು. ಡೀಸೆಲ್, ಗ್ರೀಸು. ತಳದಲ್ಲಿ ರಬ್ಬರಿಗೆ ಬೆಸೆದ ಕಬ್ಬಿಣದ ತಗಡು, ಅದರಿಂದ ಹೊರಟ ಬೋಲ್ಟು. ವಾಹನದ ರಬ್ಬರಿಗೆ ಬೆರೆಸುವ ಎಣ್ಣೆ, ರಾಸಾಯನಿಕಗಳು ನೆಕ್ಕಲಿಕ್ಕೆ ಅಂತ ಮಾಡಿದವಲ್ಲ ಎಂದು ಹೇಳಿ ಭಾವನ ಕೈಗೇ ಹಿಂದಕ್ಕೆ ಕೊಟ್ಟರು. ಅವನ ಮುಖ ನೋಡಬೇಕಿತ್ತು.

ತಂಗಿ ತಂದದ್ದು ಕಾಂಗ್‌ನ ಕರಿ ಬಣ್ಣದ್ದು. ಕೆಂಪು ಸಾಮಾನ್ಯ ನಾಯಿಗಳಿಗಂತೆ, ಕಪ್ಪು ಸಾಧುವಿನ ಜಾತಿಯವರಿಗೆ. ಒಂದರ ಮೇಲೊಂದು ಮೂರು ಉಂಡೆ ಇಟ್ಟ ಆಕಾರ, ಒಳಗೆ ಟೊಳ್ಳು. ಡಾಕ್ಟ್ರು ಉಗುರು ಒತ್ತಿದರು: ಸ್ವಲ್ಪ ತಗ್ಗಿತು. ಸಾಧುವಿನ ಬಾಯಿಯ ಪಕ್ಕ ಹಿಡಿದು ನೋಡಿದರು: ಗಂಟಲಿಗೆ ಜಾರುವಷ್ಟು ಸಣ್ಣದಲ್ಲ. ಕೊನೆಗೆ ಎರಡು ತುದಿಯಲ್ಲೂ ಬೆಳಕಿಗೆ ಹಿಡಿದು ತೂತು ನೋಡಿದರು. ಒಂದೇ ತೂತಿನ ಟೊಳ್ಳು ಚೆಂಡಿನಲ್ಲಿ ನಾಯಿ ನಾಲಿಗೆ ಹಾಕಿ ಎಳೆದರೆ ಒಳಗೆ ಗಾಳಿಯಿಲ್ಲದೆ ನಾಲಿಗೆ ಹೀರಿ ಹಿಡಿದುಬಿಡುತ್ತದೆ, ಬಾತು ಕಪ್ಪಾಗುತ್ತದೆ. ಇದರಲ್ಲಿ ಎರಡು ತೂತು ಇದ್ದವು. ಅಷ್ಟು ಹೊತ್ತಿಗೆ ನಾವು ಯಾರೂ ನಗುತ್ತಿರಲಿಲ್ಲ, ಮಗ್ಗಿ ಒಪ್ಪಿಸುವ ಮಕ್ಕಳಿಗಿಂತ ಗಂಭೀರವಾಗಿ ನೋಡುತ್ತಿದ್ದೆವು.

"ಖಾಲಿ ಕೊಟ್ರೆ ಅರ್ಧ ಗಂಟೆ. ತುಂಬಿ ಕೊಡಿ. ಅದಕ್ಕೆ ಬೇಕಾದ್ದು ವಸ್ತು ಅಲ್ಲ, ಕೆಲಸ" ಎಂದರು ಡಾಕ್ಟ್ರು. ತುಂಬಿ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿದರೆ ಇನ್ನೂ ಒಳ್ಳೆಯದು ಎಂದು ತಂಗಿ ಹೇಳಿದಾಗ ಚಿಕ್ಕಪ್ಪ ಕತ್ತಲೆಯ ಕಡೆ ಕೈ ತೋರಿಸಿದರು. ಆಟಿಯಲ್ಲಿ ಕರೆಂಟು ಇದ್ದರಲ್ಲವೇ ಫ್ರಿಜ್ಜು. ಚಿಕ್ಕಮ್ಮ ಕುಚ್ಚಲಕ್ಕಿ ಅನ್ನ, ಬೇಯಿಸಿದ ಸಿಹಿಗುಂಬಳ, ಒಂದು ಮೊಟ್ಟೆ ಕಿವುಚಿ ಹೆಬ್ಬೆರಳಿನಲ್ಲಿ ಗಿಡಿದರು. ಸಾಂಬಾರು ಬೆರೆಸಲು ಹೋದಾಗ ಡಾಕ್ಟ್ರು ತಡೆದರು. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ.

ಮಳೆ ಸ್ವಲ್ಪ ತೆಳುವಾದಾಗ ಡಾಕ್ಟ್ರು ಹೊರಟರು. ಸಾಧು ಒಲೆಯ ಮುಂದೆ ಮಲಗಿ ಅದನ್ನು ಎರಡು ಕೈಗಳ ನಡುವೆ ಹಿಡಿದು ನೆಕ್ಕಿತು, ಕಡಿಯಿತು, ಎತ್ತಿ ನೆಲಕ್ಕೆ ಹಾಕಿತು. ಅದು ಅಡ್ಡಾದಿಡ್ಡಿ ಪುಟಿದು ಸೌದೆಯ ಸಂದಿಗೆ ಹೋದಾಗ ಹಿಂದೆಯೇ ಹೋಯಿತು. ಬೆಳಿಗ್ಗೆ ನೋಡಿದರೆ ಕಪ್ಪು ಕಾಂಗ್‌ನ ಮೇಲೆ ಹಲ್ಲಿನ ಗುರುತು ಬಿಟ್ಟರೆ ಬೇರೇನೂ ಇಲ್ಲ. ಅದರ ಪಕ್ಕದಲ್ಲಿ, ಗಳುವಿನಿಂದ ಅದು ಹೇಗೆ ಇಳಿಯಿತೋ, ಹೊಗೆಗೆ ಹಾಕಿದ್ದ ಒಂದು ರಬ್ಬರ್ ಶೀಟು ಅಂಚಿನುದ್ದಕ್ಕೂ ಹರಿದು ಬಿದ್ದಿತ್ತು.

ತಂಗಿ ಭರಣಿ ಕೇಳಿದಳು. ಭಾವ ಅಡ್ಡ ಬಂದ: ಕಲ್ಪನೆ ಬಂಪ್ ಸ್ಟಾಪರಿನದು, ಹಾಗಾಗಿ ಅರ್ಧ ಪಾಲು ತನ್ನದು. ಅಳಿಯ ಮೊದಲ ಸುತ್ತನ್ನೇ ನಾಯಿಗೆ ಕೊಡದೆ ಸೋಲಿಸಿದ್ದು ಅನ್ಯಾಯ ಎಂದ. ಚಿಕ್ಕಪ್ಪ ಹರಿದ ಶೀಟಿನ ಬೆಲೆ ಲೆಕ್ಕ ಹಾಕುತ್ತ ಕೂತರು. ಚಿಕ್ಕಮ್ಮ ಯಾರ ಮಾತನ್ನೂ ಕೇಳಲಿಲ್ಲ. ದನ ನೋಡಲು ಡಾಕ್ಟ್ರು ಮರುದಿನ ಬಂದಾಗ ಭರಣಿಯ ಬಾಯಿಗೆ ಬಟ್ಟೆ ಬಿಗಿದು ಸ್ಕೂಟರಿನ ಮುಂದೆ ಕಟ್ಟಿಸಿದರು. ಪುತ್ತೂರಿನಲ್ಲಿ ಭಾವನ ಅಂಗಡಿಗೆ ಹೋದರೆ ಈಗಲೂ ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಿ, ಆ ಅರ್ಧ ಭರಣಿಯ ವಿಷಯ ಏನಾಯಿತು ಎಂದು ಕೇಳುತ್ತಾನೆ.