ಸಾಂಗ್ಲಿಯಾನ ಅಂದ್ರೆ ಬರೀ ಸಿನಿಮಾ ಅಲ್ಲ

ನನ್ನ ವಯಸ್ಸಿನವರಿಗೆ ಸಾಂಗ್ಲಿಯಾನ ಅಂದ ಕೂಡಲೇ ಕಣ್ಣ ಮುಂದೆ ಬರೋದು ಶಂಕರ್‌ನಾಗ್ ಮುಖ. 1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದ ಆ ಸಿನಿಮಾ ಬಂದಾಗ ನಾನು ಹುಟ್ಟೇ ಇರಲಿಲ್ಲ. 1990ರಲ್ಲಿ ದಾವಣಗೆರೆ ಬಳಿ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡಾಗಲೂ ಹುಟ್ಟಿರಲಿಲ್ಲ. ಆದರೂ ಟೀವಿಯಲ್ಲಿ ಅದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಅದು ನಿಜವಾಗಿ ಇರುವ ಅಧಿಕಾರಿಯೊಬ್ಬರ ಹೆಸರು ಅಂತ ಅಪ್ಪ ಹೇಳಿದಾಗ ನಾನು ನಂಬಲಿಲ್ಲ. ಆ ಹೆಸರು ನಮ್ಮ ಕಡೆಯದಲ್ಲವಲ್ಲ!

ಎಚ್.ಟಿ. ಸಾಂಗ್ಲಿಯಾನ ಹುಟ್ಟಿದ್ದು 1943ರಲ್ಲಿ, ಇವತ್ತಿನ ಮಿಜೋರಾಂನಲ್ಲಿ. 1967ರ ಐಪಿಎಸ್ ಬ್ಯಾಚ್, ಕರ್ನಾಟಕ ಕೇಡರ್. ಇಲ್ಲೇ ಎಸ್.ಪಿ. ಆಗಿ, ಮುಂದೆ ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿ, ಮೂರೂವರೆ ದಶಕ ಖಾಕಿಯಲ್ಲಿ ಕಳೆದರು. ವೇಷ ಮರೆಸಿಕೊಂಡು ಹೋಗಿ ಲಂಚ ಕೇಳಿದವರನ್ನ ಹಿಡಿದರು ಅನ್ನೋ ಕಥೆಗಳು ಅಪ್ಪನ ಕಾಲದವರ ಬಾಯಲ್ಲಿ ಇನ್ನೂ ಇವೆ. ಅದರಲ್ಲಿ ನಡೆದದ್ದೆಷ್ಟು, ಸಿನಿಮಾದಿಂದ ಬಂದು ಸೇರಿಕೊಂಡದ್ದೆಷ್ಟು ಅಂತ ಈಗ ಬಿಡಿಸೋಕೆ ಹೋದರೆ ಅಪ್ಪನಿಗೆ ಸಿಟ್ಟು ಬರುತ್ತೆ. ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ಇಪ್ಪತ್ತೈದು ವರ್ಷ ನಿಂತವರು ಅವರು. ದುಡ್ಡು ಮುಟ್ಟದ ದೊಡ್ಡ ಆಫೀಸರ್ ಒಬ್ಬರಾದರೂ ಇದ್ದರು ಅನ್ನೋದು ಅವರಿಗೆ ಬೇಕಾಗಿತ್ತು ಅನ್ಸುತ್ತೆ.

ನಿವೃತ್ತಿಯ ನಂತರದ ಕಥೆಯೂ ಸಿನಿಮಾಗೆ ಕಮ್ಮಿಯಿಲ್ಲ. 2004ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಟಿಕೆಟ್‌ನಲ್ಲಿ ನಿಂತು, ರೈಲ್ವೆ ಮಂತ್ರಿಯಾಗಿದ್ದ ಜಾಫರ್ ಷರೀಫ್ ಅವರನ್ನೇ ಸೋಲಿಸಿದರು. 2008ರಲ್ಲಿ ಅಣು ಒಪ್ಪಂದದ ಗಲಾಟೆಯಲ್ಲಿ ಪಕ್ಷದ ಮಾತು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಓಟು ಹಾಕಿದರು, ಪಕ್ಷ ಹೊರಗೆ ಹಾಕಿತು. ಮರುವರ್ಷ ಕಾಂಗ್ರೆಸ್‌ನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಪಿ.ಸಿ. ಮೋಹನ್ ಎದುರು ಸೋತರು. ಇದೆಲ್ಲ ರಾಜಕೀಯ, ಅಪ್ಪ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮಿಬ್ಬರ ಮಧ್ಯೆ ಮಾತು ಬೆಳೆದದ್ದು 2018ರ ಮಾರ್ಚ್‌ನಲ್ಲಿ. ಬೆಂಗಳೂರಿನ ಒಂದು ಸಮಾರಂಭ. ನಿರ್ಭಯಾ ತಾಯಿ ಆಶಾದೇವಿ ಬಂದಿದ್ದರು. ಅವರ ಮೈಕಟ್ಟನ್ನ ಹೊಗಳಿ, ಮಗಳು ಎಷ್ಟು ಚೆನ್ನಾಗಿದ್ದಿರಬಹುದು ಅಂತ ಸಾಂಗ್ಲಿಯಾನ ಮಾತಾಡಿದರು. ಬಲವಂತ ಮಾಡಿದರೆ ಶರಣಾಗಿ ಜೀವ ಉಳಿಸಿಕೊಳ್ಳಿ, ಕೇಸು ಆಮೇಲೆ ನೋಡೋಣ ಅನ್ನೋ ಅರ್ಥದಲ್ಲೂ ಹೇಳಿದರು. ಮಗಳನ್ನ ಕಳಕೊಂಡ ತಾಯಿಯ ಎದುರಿಗೆ! ‘ವಯಸ್ಸಾಗಿದೆ, ಒಳ್ಳೇದಕ್ಕೇ ಹೇಳಿರ್ತಾರೆ ಬಿಡಮ್ಮ’ ಅಂದರು ಅಪ್ಪ. ‘ನಾನು ರಾತ್ರಿ ಕೆಲಸ ಮುಗಿಸಿ ಬರೋವಾಗ ನನಗೂ ಇದನ್ನೇ ಹೇಳ್ತೀರಾಪ್ಪಾ?’ ಅಂದೆ. ಅವರು ಟೀವಿ ಆರಿಸಿ ಎದ್ದು ಹೋದರು. ಎರಡು ದಿನ ಮನೇಲಿ ಸರಿಯಾಗಿ ಮಾತಿಲ್ಲ. ಆಮೇಲೆ ರಾತ್ರಿ ಹತ್ತು ದಾಟಿದರೆ ತುಮಕೂರು ರಸ್ತೆಗೆ ತಾವೇ ಬಂದು ನಿಲ್ಲೋಕೆ ಶುರು ಮಾಡಿದರು. ಈಗ ಮಾದಾವರದ ತನಕ ಮೆಟ್ರೋ ಬಂದಿದೆ, ಸ್ಕೂಟರ್ ಹಿಡಕೊಂಡು ಅಲ್ಲಿ ನಿಲ್ತಾರೆ.

ಹಾಗಂತ ಆ ಮನುಷ್ಯನ ಸರ್ವಿಸ್ ಎಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಒಬ್ಬ ಹೀರೋ ಬಂದು ಎಲ್ಲ ಸರಿ ಮಾಡ್ತಾನೆ ಅನ್ನೋ ಸಿನಿಮಾ ಲೆಕ್ಕ ನನಗೆ ಹಿಡಿಸಲ್ಲ. ನಮ್ಮ ಮಾಕಳಿ ನಗರಕ್ಕೆ ಅಂಟಿಕೊಂಡೇ ಇದ್ದರೂ ಬೆಂಗಳೂರು ಗ್ರಾಮಾಂತರ ಪೊಲೀಸರ ಕೆಳಗಿದೆ. ನಮಗೆ ಕಮಿಷನರ್ ಇಲ್ಲ, ಎಸ್.ಪಿ.ಯೇ ದೊಡ್ಡವರು. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಿಜಿಪಿಯಿಂದ ಹಿಡಿದು ಎಸ್.ಪಿ., ಠಾಣಾಧಿಕಾರಿವರೆಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಬೇಕು ಅಂದಿದೆ. ನನ್ನ ಮಟ್ಟಿಗೆ ಹತ್ತು ಸಿನಿಮಾಗಿಂತ ಈ ಒಂದು ಸಾಲು ದೊಡ್ಡದು.

ಯಾಕೆ ಅಂದ್ರೆ ಹೋದ ವರ್ಷ ಬೈಕಲ್ಲಿ ಬಂದ ಇಬ್ಬರು ನನ್ನ ಮೊಬೈಲ್ ಕಿತ್ಕೊಂಡು ಹೋದರು. ಠಾಣೆಯಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿ ಬರಕೊಂಡರು. ಬೀದಿದೀಪ ಇಲ್ಲದ ಜಾಗಕ್ಕೆ ತಾವೇ ಬಂದು ನೋಡಿದರು. ಒಂದು ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಬೈಕು ಕಂಡಿದೆ, ಇನ್ನೆರಡು ವಾರ ಟೈಮ್ ಕೊಡಿ ಅಂದಿದ್ದರು. ಮುಂದಿನ ಸಲ ಹೋದಾಗ ಅವರಿಗೆ ವರ್ಗ ಆಗಿತ್ತು. ಕುರ್ಚಿಯಲ್ಲಿದ್ದ ಹೊಸಬರು, ‘ಏನ್ ಕೇಸಮ್ಮ? ಮೊದಲಿಂದ ಹೇಳಿ’ ಅಂದರು. ಹೇಳೋಕೆ ಶುರು ಮಾಡಿದೆ.