ಒಂದು ಮಿಲಿಮೀಟರಿನ ಆಸೆ

ಯಮಾಹಾ ಆರ್‌ಎಕ್ಸ್ 100 ಕೈಗೆ ಸಿಕ್ಕವರು ಅದನ್ನು ಇದ್ದ ಹಾಗೇ ಬಿಟ್ಟದ್ದು ಕಡಿಮೆ. 1985ರಿಂದ 1996ರವರೆಗೆ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ ಈ ಗಾಡಿಯ ಎಂಜಿನ್ ಬರೀ 98 ಸಿಸಿ. ಬೋರ್ 50 ಮಿಲಿಮೀಟರ್, ಸ್ಟ್ರೋಕೂ ಅಷ್ಟೇ. 7500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿ. ಡಾಂಬರು ರಸ್ತೆಗೆ ಇದು ಧಾರಾಳವಾಯಿತು. ಆದರೆ ಮಡ್‌ಗಾರ್ಡ್ ಎತ್ತರಿಸಿ, ಗಂಟುಗಂಟಿನ ಟೈರು ಹಾಕಿ, ಡರ್ಟ್ ಟ್ರ್ಯಾಕಿಗೋ ಕಾಫಿ ತೋಟದ ಜಾರು ದಾರಿಗೋ ಇಳಿಸಿದ ಮೇಲೂ 'ಇನ್ನೊಂದು ಚೂರು ಬೇಕು' ಅನ್ನಿಸದವರಿಗೆ ಟೂ ಸ್ಟ್ರೋಕ್ ಯಾಕೆ?

ಆಸೆ ಹುಟ್ಟಿಸುವುದೇ ಆ ಎಂಜಿನ್ನಿನ ಸರಳತನ. ನಾಲ್ಕು ನಟ್ಟು ಬಿಚ್ಚಿದರೆ ಹೆಡ್ ಕೈಗೆ ಬರುತ್ತದೆ. ಬ್ಲಾಕ್ ಮೇಲೆತ್ತಿದರೆ ಗುಟ್ಟೆಲ್ಲ ಬಯಲು. ಹೆಡ್ಡಿನಲ್ಲಿ ವಾಲ್ವಿಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಏರಿಳಿಯುತ್ತ ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಪೋರ್ಟಿನ ಮೇಲಂಚನ್ನು ಒಂದೇ ಒಂದು ಮಿಲಿಮೀಟರ್ ಎತ್ತರಿಸಿ ನೋಡಿ: ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಗಾಡಿ ಕಿರುಚಿಕೊಂಡು ಹಾರುತ್ತದೆ, ಕೆಳಗೆ ಸೊರಗುತ್ತದೆ. ಅರ ಹಿಡಿದು ನಾಲ್ಕು ಸಲ ಉಜ್ಜುವುದು, ಪುಡಿ ಊದುವುದು, ಅಳೆಯುವುದು, ಮತ್ತೆ ಉಜ್ಜುವುದು. ಕೊನೆಗೆ ಅಂಚಿನ ಚೂಪು ಸವರದಿದ್ದರೆ ರಿಂಗ್ ಅಲ್ಲಿ ತಗುಲಿ ತುಂಡಾಗುತ್ತದೆ. ಓಡಿಸುವುದಕ್ಕಿಂತ ಈ ಉಜ್ಜಾಟವೇ ನನಗೆ ಹೆಚ್ಚು ಇಷ್ಟ ಎಂದರೆ ಓಡಿಸುವವರು ನಗುತ್ತಾರೆ.

ನಮ್ಮ ಮೇಸ್ತ್ರಿ ಮಾತ್ರ ಅರ ಮುಟ್ಟುವ ಮೊದಲು ಕೇಳುತ್ತಾರೆ: "ಸಾರ್, ಪಿಕಪ್ ಬೇಕಾ, ಟಾಪ್ ಬೇಕಾ?" ಎರಡೂ ಬೇಕೆಂದವರಿಗೆ ಸಿದ್ಧ ಉತ್ತರ: "ಹಂಗಾದ್ರೆ ಎರಡು ಗಾಡಿ ತಗೊಳ್ಳಿ."

ಸೈಲೆನ್ಸರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ಕುಳಿತೇ ಬಿಡುತ್ತೇನೆ. ಎಕ್ಸ್‌ಪಾನ್ಷನ್ ಚೇಂಬರ್ ಎಂಬ ಆ ಹೊಟ್ಟೆ ಉಬ್ಬಿದ ಕೊಳವೆಯಲ್ಲಿ ಅಲುಗುವ ಭಾಗ ಒಂದೂ ಇಲ್ಲ, ಕೆಲಸವೆಲ್ಲ ಶಬ್ದದ್ದು. ಪೋರ್ಟ್ ತೆರೆದೊಡನೆ ಹೊರಟ ಒತ್ತಡದ ಅಲೆ ಅಗಲವಾಗುವ ಕೋನಿಗೆ ಬಂದಾಗ ಹಿಂದಕ್ಕೊಂದು ಸೆಳೆತ ಕಳಿಸುತ್ತದೆ. ಸುಟ್ಟ ಹೊಗೆಯ ಜೊತೆಗೆ ಒಂದಿಷ್ಟು ಹೊಸ ಮಿಶ್ರಣವೂ ಕೊಳವೆಗೆ ನುಗ್ಗುತ್ತದೆ. ಮುಂದೆ ಕಿರಿದಾಗುವ ಕೋನಿಗೆ ಬಡಿದು ಮರಳಿದ ಅಲೆ, ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ಒಳಗೆ ನೂಕಿ ಬಾಗಿಲೆಳೆಯುವ ಕಂಡಕ್ಟರಂತೆ, ಆ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುನ್ನ ಸಿಲಿಂಡರಿಗೆ ಮರಳಿ ತಳ್ಳುತ್ತದೆ. 7500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದು ಒಂದು ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು. ಇಷ್ಟೆಲ್ಲ ನಡೆಯಬೇಕಾದದ್ದು ಅದರಲ್ಲೂ ಒಂದು ತುಣುಕಿನಲ್ಲಿ. ಅಲೆಯ ವೇಗ ಆರ್‌ಪಿಎಂ ಕೇಳಿ ಬದಲಾಗದು. ಹಾಗಾಗಿ ಕೊಳವೆಯ ಉದ್ದ ಯಾವ ಆರ್‌ಪಿಎಂಗೆ ಹೊಂದುತ್ತದೋ ಅಲ್ಲಿ ಮಾತ್ರ ಮೋಜು.

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾಗಿ ಗುಟ್ಟನ್ನೆಲ್ಲ ಸುಝುಕಿಗೆ ಒಯ್ದ. 1962ರಲ್ಲಿ ಸುಝುಕಿಯ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ. ಕಾಡೆನ್‌ಗೆ ಹೊಟ್ಟೆ ಉರಿದಿರಬೇಕು ಎಂದು ನಾನು ನೆನೆದಾಗಲೆಲ್ಲ ನನ್ನದೂ ಸ್ವಲ್ಪ ಉರಿಯುತ್ತದೆ.

ಕೆಸರಿನ ಏರಿಗೆ ಬೇಕಾದದ್ದು ಕೆಳಗಿನ ಎಳೆತ. ಟ್ರ್ಯಾಕಿನವರು ಪೋರ್ಟ್ ಉಜ್ಜಿಕೊಳ್ಳಲಿ. ತೋಟದ ದಾರಿಯವರು ಸ್ವಲ್ಪ ಉದ್ದದ ಚೇಂಬರ್ ಹಾಕಿಸಿ, ಹಿಂದಿನ ಸ್ಪ್ರಾಕೆಟ್ಟಿಗೆ ನಾಲ್ಕು ಹಲ್ಲು ಹೆಚ್ಚಿಸಿ ಸುಮ್ಮನಾಗುವುದು ಒಳ್ಳೆಯದು. ಹೆಡ್ ಕಡಿಸುವ ಹುಮ್ಮಸ್ಸಂತೂ ಬೇಡ. ಕಂಪ್ರೆಷನ್ ಅತಿಯಾದರೆ ಬಡಿತ ಶುರುವಾಗಿ ಪಿಸ್ಟನ್ನಿನ ನೆತ್ತಿ ತೂತಾಗುತ್ತದೆ.

ಇನ್ನು ಕಾರ್ಬೊರೇಟರಿನ ಜೆಟ್. ಪ್ಲಗ್ ಬಿಚ್ಚಿದಾಗ ತುದಿ ಕಂದಾಗಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬೇಯುತ್ತಿದೆ, ಕರ್ರಗೆ ಒದ್ದೆಯಾಗಿದ್ದರೆ ಹೆಚ್ಚಾಗಿದೆ. ಮಂಗಳೂರಿನ ಸೆಕೆಯಲ್ಲಿ ಹೊಂದಿದ ಜೆಟ್, ಸುಮಾರು 1,900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತೆಳು ಗಾಳಿಗೆ ದೊಡ್ಡದಾಗುತ್ತದೆ. ಮೇಸ್ತ್ರಿಯ ನಶ್ಯದ ಡಬ್ಬಿಯ ತುಂಬ ಹಿತ್ತಾಳೆಯ ಜೆಟ್‌ಗಳಿವೆ. ಹೋಗುವ ಊರು ಹೇಳಿದರೆ ಒಂದನ್ನು ಆರಿಸಿ ಕೊಡುತ್ತಾರೆ. ಮೈಲೇಜ್ ಎಷ್ಟು ಎಂದು ಕೇಳಿದರೆ ಮಾತ್ರ ಕಿಕ್ಕರ್ ಹೊಡೆದು ಆಕ್ಸಿಲರೇಟರ್ ತಿರುವುತ್ತಾರೆ. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.